ಎದೆಯೊಳಗೊಬ್ಬ ಇನ್‌ಸ್ಪೆಕ್ಟರು

“ಇಡೀ ಹೈದರಾಬಾದಿನಾಗ ನನ್ನಷ್ಟು ಕರೆಕ್ಟ್ ಪೇಶಂಟ್ ಇನ್ನೊಬ್ಬ ಇರಬಾರದು, ನೋಡ್ತಿರು!”

2006ರ ಜೂನ್ ತಿಂಗಳ ಒಂದು ಬೆಳಿಗ್ಗೆ, ಆಸ್ಪತ್ರೆಯ ಮಂಚದ ಮೇಲೆ ಎದೆಗೆ ಪಟ್ಟಿ ಅಂಟಿಸಿಕೊಂಡು ಮಲಗಿದ್ದ ಕಲ್ಯಾಣಪ್ಪನವರು ತಮ್ಮ ಧರ್ಮಪತ್ನಿ ಗಂಗಾಬಾಯಿಯವರ ಎದುರು ಇಂಥದ್ದೊಂದು ಘೋರ ಪ್ರತಿಜ್ಞೆ ಮಾಡಿದರು. ಎಡ ಎದೆಯ ಚರ್ಮದ ಕೆಳಗೆ ಆಗಷ್ಟೇ ಒಂದು ಯಂತ್ರ ಹೋಗಿ ಕೂತಿತ್ತು. ಕಿರುಬೆರಳಿನಷ್ಟು ಉದ್ದ, ಅಷ್ಟೇ ತೂಕ. ಹಗಲೂ ರಾತ್ರಿ ಅವರ ಹೃದಯವನ್ನು ಕಾಯುತ್ತಾ, ಅದು ಎಲ್ಲಿ ಎಡವಿತು ಎಂದು ಬರೆದಿಡುವುದು ಅದರ ಉದ್ಯೋಗ. ಒಂದೂವರೆ ವರ್ಷ ಬ್ಯಾಟರಿ ಬಾಳುತ್ತದೆ ಎಂದಿದ್ದರು ಡಾಕ್ಟರು.

“ಮೊದಲ ಎರಡು ಇಡ್ಲಿ ತಿನ್ರಿ. ಆಮ್ಯಾಲ ಕರೆಕ್ಟ್ ಆಗೂವಂತ್ರಿ,” ಅಂದರು ಗಂಗಾಬಾಯಿ ಡಬ್ಬಿ ಬಿಚ್ಚುತ್ತಾ.

ಕಲ್ಯಾಣಪ್ಪನವರಿಗೆ ‘ಕರೆಕ್ಟ್’ ಎನ್ನುವುದು ಬರೀ ಶಬ್ದವಲ್ಲ, ಕುಲದೈವ. ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಅವರು ಅಳತೆಯ ಉಪಕರಣಗಳ ಇನ್‌ಸ್ಪೆಕ್ಟರು. ಕುಷ್ಟಗಿಯಿಂದ ಬಂದು ಮೂವತ್ತು ವರ್ಷ ಮೀಟರುಗಳ ಸುಳ್ಳು ಹಿಡಿದದ್ದೇ ಅವರ ಜೀವನ. ಕೂಕಟ್‌ಪಲ್ಲಿಯ ಅವರ ಫ್ಲ್ಯಾಟಿನಲ್ಲಿ ಗೋಡೆ ಗಡಿಯಾರ ರೇಡಿಯೋದ ‘ಪೀಂ’ ಸದ್ದಿಗೆ ಸರಿಹೊಂದಬೇಕು. ಉಪ್ಪಿನ ಚಮಚೆಯ ತಲೆ ಮಟ್ಟಸವಾಗಿರಬೇಕು. ಒಮ್ಮೆ ದರ್ಜಿಯ ಟೇಪನ್ನು ಉಕ್ಕಿನ ಪಟ್ಟಿಯ ಪಕ್ಕ ಇಟ್ಟು, ಮೂರು ಮಿಲಿಮೀಟರು ಹಿಗ್ಗಿದೆ ಎಂದು ತೋರಿಸಿದ್ದರು. ಮರುದಿನದಿಂದ ಇವರು ದೂರದಲ್ಲಿ ಕಂಡರೆ ಸಾಕು, ದರ್ಜಿ ಷಟರ್ ಎಳೆಯುತ್ತಿದ್ದ!

ಅಂಥವರ ಸ್ವಂತ ಹೃದಯವೇ ಲೆಕ್ಕ ತಪ್ಪಿತ್ತು. ಮಾರ್ಚಿನಲ್ಲಿ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮಾತಾಡುತ್ತಾ ಕೂತವರು ಮೊಸರನ್ನದೊಳಗೆ ಮುಖವಿಟ್ಟು ಮಲಗಿಬಿಟ್ಟರು. ಏಪ್ರಿಲಿನಲ್ಲಿ ಬಸ್ ಸ್ಟಾಪಿನಲ್ಲಿ ನಿಂತವರು ನಿಂತಂತೆಯೇ ಒರಗಿದರು. ಎರಡೂ ಸಲ ಅರ್ಧ ನಿಮಿಷಕ್ಕೆ ಎಚ್ಚರವಾಗಿ, “ಏನಾತು?” ಅಂತ ಎದ್ದು ಕೂತರು. ರಕ್ತ, ತಲೆಯ ಫೋಟೋ, ಈಸಿಜಿ ಎಲ್ಲ ನೋಡಿದ್ದಾಯಿತು. ಎಲ್ಲವೂ ನಾರ್ಮಲ್. ಹೃದಯ ಇನ್‌ಸ್ಪೆಕ್ಷನ್ನಿನ ದಿನ ಮಾತ್ರ ಶಿಸ್ತಾಗಿರುತ್ತಿತ್ತು!

“ಕಳ್ಳ ಯಾವಾಗ ಬರ್ತಾನೆ ಗೊತ್ತಿಲ್ಲ. ಅದಕ್ಕೆ ಮನೆಯೊಳಗೇ ಒಬ್ಬ ಕಾವಲುಗಾರನನ್ನ ಇಡೋಣ,” ಎಂದು ಈ ಯಂತ್ರದ ಮಾತೆತ್ತಿದವರು ಡಾಕ್ಟರ್ ಪದ್ಮನಾಭ. ಬಳ್ಳಾರಿಯವರು, ನಗುಮುಖದವರು. ಯಂತ್ರ ಕೂಡಿಸುವ ಮುಂಚೆ ಒಂದು ಫಾರ್ಮು ಹಿಡಿದು ಒಂದೊಂದಾಗಿ ಕೇಳಿದರು.

“ತಂದೆ?”

“ಎಂಬತ್ತೊಂದಕ್ಕ ಹೋದ್ರು. ಮಲಗಿದಲ್ಲೇ.”

“ತಾಯಿ?”

“ನಲವತ್ತೆಂಟಕ್ಕ. ಹಿಟ್ಟು ನಾದಕೋತ ಕುಂತಿದ್ರು. ಕುಂತಲ್ಲೇ ಹೋದ್ರು.”

ಡಾಕ್ಟರ ಪೆನ್ನು ಒಂದು ಕ್ಷಣ ನಿಂತಿತು. “ಅಣ್ಣ ತಮ್ಮಂದಿರು?”

“ಯಾರೂ ಇಲ್ಲ.”

ಗಂಗಾಬಾಯಿ ತಟ್ಟನೆ ಗಂಡನ ಮುಖ ನೋಡಿದರು. ಬಾಯಿ ತೆರೆಯುವಷ್ಟರಲ್ಲಿ ಮೇಜಿನ ಕೆಳಗೆ ಅವರ ಪಾದದ ಮೇಲೆ ಒಂದು ಚಪ್ಪಲಿ ಬಂದು ಕೂತಿತು. ಮೂವತ್ತು ವರ್ಷದಲ್ಲಿ ಒಂದು ಮಿಲಿಮೀಟರನ್ನೂ ತಪ್ಪು ಬರೆಯದ ಮನುಷ್ಯ ಅವತ್ತು ಒಬ್ಬ ಇಡೀ ತಮ್ಮನನ್ನೇ ಲೆಕ್ಕದಿಂದ ಬಿಟ್ಟಿದ್ದರು.

ತಮ್ಮನಿದ್ದ. ಇದೇ ಊರಲ್ಲಿದ್ದ. ಹೆಸರು ಸಂಗಣ್ಣ. ಬೇಗಂ ಬಜಾರಿನಲ್ಲಿ ಹುಣಸೆಹಣ್ಣು, ಒಣಮೆಣಸಿನಕಾಯಿಯ ಅಂಗಡಿ. ಕಾಚಿಗೂಡದ ಓಣಿಯಲ್ಲಿ ಮನೆ. ಹೆಂಡತಿ ಗದಿಗೆಮ್ಮ, ಒಬ್ಬಳೇ ಮಗಳು ವರ್ಷಾ. ಕಲ್ಯಾಣಪ್ಪನವರಿಗೆ ಮಕ್ಕಳಿರಲಿಲ್ಲವಾಗಿ ವರ್ಷಾ ಎರಡೂ ಮನೆಯಲ್ಲಿ ಬೆಳೆದವಳು. ಶನಿವಾರ ದೊಡ್ಡವ್ವನ ಮಗ್ಗುಲಲ್ಲಿ ಮಲಗಿ, ಭಾನುವಾರ ದೊಡ್ಡಪ್ಪನ ಸ್ಕೂಟರ್ ಮೇಲೆ ಕಾಚಿಗೂಡಕ್ಕೆ ಮರಳುತ್ತಿದ್ದಳು.

ಎಂಟು ವರ್ಷದ ಹಿಂದೆ ಒಂದು ದಿನ, ಗಿರಾಕಿಗಳಿಂದ ಕಿಕ್ಕಿರಿದಿದ್ದ ತಮ್ಮನ ಅಂಗಡಿಯಲ್ಲಿ ಕೂತಿದ್ದ ಕಲ್ಯಾಣಪ್ಪನವರ ಕಣ್ಣು ತಕ್ಕಡಿಯ ಮುಳ್ಳಿನ ಮೇಲೆ ಬಿತ್ತು. ಜೇಬಿನಿಂದ ಒಂದು ತೂಕದ ಬಟ್ಟು ತೆಗೆದು ಇಟ್ಟು ನೋಡಿದರು. ನೋಡಿ ಸುಮ್ಮನಿರಬಹುದಿತ್ತು. “ಸಂಗಣ್ಣಾ! ಈ ತಕ್ಕಡಿ ಕಿಲೋಕ್ಕ ನಲವತ್ತು ಗ್ರಾಂ ಕಮ್ಮಿ ಕೊಡಾಕತ್ತೈತಿ!” ಎಂದು ಕಾರ್ಖಾನೆಯ ದನಿಯಲ್ಲಿ ಘೋಷಿಸಿದರು. ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಯಾರೋ ನಕ್ಕರು. ಯಾರೋ ತೆಲುಗಿನಲ್ಲಿ “ದೊಂಗ” ಅಂದರು. ಕಳ್ಳ ಎಂದೇ ಅದರ ಅರ್ಥ. ಸಂಗಣ್ಣನಿಗೆ ಸ್ಪ್ರಿಂಗು ಸಡಿಲಾದದ್ದು ಗೊತ್ತಿರಲಿಲ್ಲ. ಅವನ ಕಿವಿ ಕೆಂಪಾಯಿತು.

“ಅಣ್ಣ, ಕಿವಿಯೊಳಗ ಹೇಳಬಹುದಿತ್ತು.”

“ಸರಿ ಇದ್ದದ್ದು ಕಿವಿಯೊಳಗ ಹೇಳೂದಲ್ಲ!”

“ಹಂಗಾದ್ರ ಇವತ್ತಿಂದ ನನ್ನ ಅಂಗಡಿ ಮೆಟ್ಟಲ ಹತ್ತಬ್ಯಾಡ.”

“ಹತ್ತಂಗಿಲ್ಲ! ನೀನೂ ನನ್ನ ಮನಿಗೆ ಕಾಲಿಡಬ್ಯಾಡ!”

ಮುಗಿಯಿತು. ನಲವತ್ತು ಗ್ರಾಮಿಗೆ ಎಂಟು ವರ್ಷ. ಮೊದಮೊದಲು ಗಂಗಾಬಾಯಿ ಶನಿವಾರದ ದಿನ ಎರಡು ಹೋಳಿಗೆ ಹೆಚ್ಚು ಮಾಡುತ್ತಿದ್ದರು. ಆಮೇಲೆ ಮಾಡುವುದನ್ನು ಬಿಟ್ಟರು.

ಇರಲಿ, ಯಂತ್ರದ ಮಾತಿಗೆ ಬರೋಣ. ಯಂತ್ರದ ಜೊತೆ ಅಂಗೈಯೊಳಗೆ ಹಿಡಿಯುವ ಒಂದು ಗುಂಡಿಯ ಡಬ್ಬಿಯನ್ನೂ ಕೊಟ್ಟಿದ್ದರು. ಮನೆಯಲ್ಲಿ ಅದಕ್ಕೆ ‘ರಿಮೋಟ್’ ಎಂದೇ ನಾಮಕರಣವಾಯಿತು. ಇವರು ಎಚ್ಚರ ತಪ್ಪಿದಾಗ ಅದನ್ನು ಎದೆಗೆ ಹಿಡಿದು ಒತ್ತಿದರೆ, ಆ ಹೊತ್ತಿನ ಬಡಿತವನ್ನು ಯಂತ್ರ ಭದ್ರವಾಗಿ ಎತ್ತಿಡುತ್ತದೆ. ಬಿದ್ದವರು ತಾವೇ ಒತ್ತಲಾರರು. ಹಾಗಾಗಿ ರಿಮೋಟು ಗಂಗಾಬಾಯಿಯವರ ಸೆರಗಿನ ಗಂಟು ಸೇರಿತು, ಬೀಗದ ಕೈಗಳ ಪಕ್ಕ. ಜೊತೆಗೊಂದು ನೋಟ್‌ಬುಕ್ಕು, ಯಾವಾಗ ಒತ್ತಿದಿರಿ, ಯಾಕೆ ಒತ್ತಿದಿರಿ ಬರೆಯಲಿಕ್ಕೆ.

ಮೊದಲ ಅನಾಹುತ ಕಾರ್ಖಾನೆಯ ಗೇಟಿನಲ್ಲೇ ಆಯಿತು. ಕಾವಲಿನವನ ಕೈಯ ಯಂತ್ರ ಇವರ ಎದೆಯ ಹತ್ತಿರ ಬಂದದ್ದೇ ‘ಕುಂಯ್’ ಅಂತು.

“ಜೇಬ್ ಮೆ ಕ್ಯಾ ಹೈ ಸಾಬ್?”

“ಜೇಬ್ ಮೆ ಕುಛ್ ನೈ,” ಅಂದರು ಸತ್ಯವಂತರು. “ಛಾತೀ ಮೆ ರೆಕಾರ್ಡರ್ ಹೈ.”

ರಕ್ಷಣಾ ಕಾರ್ಖಾನೆಯ ಗೇಟಿನಲ್ಲಿ ನಿಂತು, ಎದೆಯೊಳಗೆ ರೆಕಾರ್ಡರ್ ಇದೆ ಎಂದರೆ ಏನಾಗಬೇಕೋ ಅದೇ ಆಯಿತು! ಸೀಟಿ ಊದಿದರು. ನಾಲ್ವರು ಬಂದರು. ಸೆಕ್ಯುರಿಟಿ ಆಫೀಸರ್ ರಾಮದಾಸರು ಇವರನ್ನು ಕೋಣೆಯಲ್ಲಿ ಕೂರಿಸಿ ಬೆವರೊರೆಸಿಕೊಂಡು ಕೇಳಿದರು, “ಏನೇನು ರೆಕಾರ್ಡ್ ಮಾಡ್ತದ್ರಿ ಅದು?”

“ಎಲ್ಲಾ. ಇಪ್ಪತ್ನಾಕು ತಾಸು.”

“ಯಾರಿಗೆ ಕೊಡ್ತೀರಿ?”

“ಡಾಕ್ಟರಿಗೆ. ಮೂರು ತಿಂಗಳಿಗೊಮ್ಮೆ.”

ಆಸ್ಪತ್ರೆಯಿಂದ ಪತ್ರ ಬರುವವರೆಗೆ ಮೂರು ದಿನ ಒಳಗೆ ಬಿಡಲಿಲ್ಲ. “ಹಾರ್ಟಿನ ಮಷೀನು ಅಂದಿದ್ರ ಮುಗೀತಿತ್ತಲ್ರೀ!” ಎಂದು ಗಂಗಾಬಾಯಿ ಹಣೆ ಚಚ್ಚಿಕೊಂಡರು.

“ಅದರ ಹೆಸರು ರೆಕಾರ್ಡರ್. ಹೆಸರು ತಪ್ಪು ಹೇಳಾಕ ಬರ್ತೈತೇನು?”

ಎರಡನೆಯ ಅನಾಹುತ ಆಗಸ್ಟಿನಲ್ಲಿ. ಡಾಕ್ಟರು ಯಂತ್ರವನ್ನು ಕಂಪ್ಯೂಟರಿಗೆ ಓದಿಸಿ ಹುಬ್ಬೇರಿಸಿದರು. “ಮೂರು ತಿಂಗಳಲ್ಲಿ ತೊಂಬತ್ತು ಸಲ ಒತ್ತಿದ್ದೀರಿ! ಜಾಗ ತುಂಬಿ ಹಳೇದೆಲ್ಲ ಅಳಿಸಿಹೋಗಿದೆ. ಉಳಿದದ್ದು ನೋಡಿದರೆ ಹೃದಯ ಕುದುರೆ ಹಾಗಿದೆ.”

ಕಲ್ಯಾಣಪ್ಪನವರು ಹೆಂಡತಿಯ ಕೈಯಿಂದ ನೋಟ್‌ಬುಕ್ಕು ಕಿತ್ತುಕೊಂಡು ಓದತೊಡಗಿದರು. “ಮಧ್ಯಾಹ್ನ ಮೂರು. ಗೊರಕೆ ನಿಂತಿತ್ತು. ಒತ್ತಿದೆ.” “ಸಂಜೆ ಆರು. ಕ್ರಿಕೆಟ್ ಸೋತರು. ಮುಖ ಕೆಂಪಾಗಿತ್ತು. ಒತ್ತಿದೆ.” “ಬೆಳಿಗ್ಗೆ ಎಂಟು. ಉಪ್ಪಿಟ್ಟು ಚಲೋ ಆಗಿದೆ ಅಂದರು. ಅಂಜಿಕೆ ಬಂತು. ಒತ್ತಿದೆ.”

ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನರ್ಸು ನಕ್ಕಳು. ಕಲ್ಯಾಣಪ್ಪನವರೊಬ್ಬರೇ ನಗಲಿಲ್ಲ. “ತೊಂಬತ್ತು ರೀಡಿಂಗು ಹಾಳು! ಇದಕ್ಕ ಇನ್‌ಸ್ಟ್ರುಮೆಂಟು ಯಾರ ಕೈಯಾಗ ಕೊಡಬೇಕು ಅನ್ನೂದು…”

“ನಗ್ರಿ, ಬೈರಿ,” ಅಂದರು ಗಂಗಾಬಾಯಿ ಮೆಲ್ಲಗೆ. “ಮನ್ಯಾಗ ನಿಮ್ಮನ್ನ ಬಿಟ್ರ ನನಗ ಯಾರು ಅದಾರ್ರಿ? ನೀವು ಸುಮ್ನ ಕುಂತ್ರ ಜೀವ ಐತೋ ಇಲ್ಲೋ ಅಂತ ನೋಡತೇನಿ. ಇದೊಂದು ಗುಂಡಿ ಐತಿ. ಒತ್ತಿದ್ರ ಸಮಾಧಾನ ಆಗ್ತಿತ್ತು.”

ಕೋಣೆಯಲ್ಲಿ ನಗು ನಿಂತಿತು. ಬಸ್ಸಿನಲ್ಲಿ ಮರಳುವಾಗ ಗಂಗಾಬಾಯಿ ಕಿಟಕಿಯ ಹೊರಗೆ ನೋಡುತ್ತಾ ಇನ್ನೊಂದು ಮಾತಂದರು: “ಸಂಗಣ್ಣನೂ ಸಣ್ಣಾಂವಿದ್ದಾಗ ಎರಡು ಸಲ ಹಿಂಗ ಬಿದ್ದಿದ್ನಂತಲ್ರಿ. ನೀವ ಹೇಳಿದ್ದಿರಿ.”

“ಆ ಹೆಸರು ತಗೀಬ್ಯಾಡ ಅಂದೀನಿ.”

ಅವರು ಮತ್ತೆ ತೆಗೆಯಲಿಲ್ಲ.

ಬೈಗುಳದ ಫಲ ಸೆಪ್ಟೆಂಬರಿನಲ್ಲಿ ಸಿಕ್ಕಿತು. ಒಂದು ಸಂಜೆ ಸೋಫಾದಿಂದ ಎದ್ದ ಕಲ್ಯಾಣಪ್ಪನವರು ಧಡಾರನೆ ಬಿದ್ದರು. ಈ ಸಲ ನಿಜವಾದದ್ದು! ತಪ್ಪಿ ಒತ್ತಿದರೆ ಬೈಸಿಕೊಳ್ಳಬೇಕೆಂದು ರಿಮೋಟನ್ನು ಟೀವಿಯ ಪಕ್ಕ ಎತ್ತಿಟ್ಟಿದ್ದ ಗಂಗಾಬಾಯಿ ಓಡಿ ಹೋಗಿ ಕೈಗೆ ಸಿಕ್ಕಿದ್ದನ್ನು ತಂದು ಗಂಡನ ಎದೆಗೆ ಒತ್ತಿ ಹಿಡಿದರು. ಒತ್ತಿದ್ದೇ ತಡ, ಹಿಂದಿನಿಂದ ಗಂಡಸೊಬ್ಬ ತೆಲುಗಿನಲ್ಲಿ ಅವತ್ತಿನ ಬಂಗಾರದ ರೇಟು ಕೂಗತೊಡಗಿದ! ಎದೆಯ ಮೇಲಿದ್ದದ್ದು ಟೀವಿಯ ರಿಮೋಟು. ಕಲ್ಯಾಣಪ್ಪನವರು ಕಣ್ಣು ಬಿಟ್ಟು, “ಹತ್ತು ಗ್ರಾಮಿಗೆ ಎಷ್ಟಂದ?” ಎಂದು ಕೇಳಿದರು.

ಹೀಗೆ ನಗುನಗುತ್ತಲೇ ಐದು ತಿಂಗಳು ಕಳೆದವು. ಆ ಐದು ತಿಂಗಳು ಎಷ್ಟು ಬೆಲೆಬಾಳುವಂಥವಾಗಿದ್ದವು ಎಂದು ಆಗ ಯಾರಿಗೆ ಗೊತ್ತಿತ್ತು?

ನವೆಂಬರಿನ ಒಂದು ಬುಧವಾರ ಬೆಳಿಗ್ಗೆ, ರೇಡಿಯೋದ ಸದ್ದಿಗೆ ಗಡಿಯಾರ ಹೊಂದಿಸಲು ಸ್ಟೂಲು ಹತ್ತಿದ ಕಲ್ಯಾಣಪ್ಪನವರು ಗಡಿಯಾರದ ಸಮೇತ ಕೆಳಗೆ ಬಂದರು. ಈ ಸಲ ಗಂಗಾಬಾಯಿ ತಪ್ಪಲಿಲ್ಲ. ಸರಿಯಾದ ಗುಂಡಿ, ಸರಿಯಾದ ಎದೆ, ಸರಿಯಾದ ಹೊತ್ತು.

ಮರುದಿನ, ಗುರುವಾರ, ಕಂಪ್ಯೂಟರಿನಲ್ಲಿ ಬಡಿತದ ಗೆರೆ ನೋಡಿದ ಡಾಕ್ಟರ್ ಪದ್ಮನಾಭರ ಮುಖದಲ್ಲಿ ಎಂದಿನ ನಗು ಇರಲಿಲ್ಲ. ಸಾಲಾಗಿ ಹೊರಟಿದ್ದ ಗೆರೆ ಒಂದು ಕಡೆ ಹುಚ್ಚೆದ್ದು, ಹನ್ನೆರಡು ಸೆಕೆಂಡು ಸಿಕ್ಕುಸಿಕ್ಕಾಗಿ, ಮತ್ತೆ ತಾನಾಗಿಯೇ ಸಾಲಿಗೆ ಬಂದಿತ್ತು.

“ತಾನಾಗಿಯೇ ಸರಿ ಹೋಗಿದ್ದು ನಿಮ್ಮ ಪುಣ್ಯ. ಹೋಗದಿದ್ದರೆ ಅಷ್ಟೇ. ಇವತ್ತೇ ಅಡ್ಮಿಟ್ ಆಗಿ. ಈ ಯಂತ್ರ ತೆಗೆದು ಬೇರೆಯದನ್ನ ಕೂಡಿಸ್ತೀನಿ. ಬಡಿತ ತಪ್ಪಿದರೆ ಅದೇ ಒಳಗಿಂದ ಒದ್ದು ಸರಿ ಮಾಡ್ತದೆ.” ಆಮೇಲೆ ಫಾರ್ಮು ತೆಗೆದು ನೋಡಿದರು. “ಇದು ಹುಟ್ಟಿನಿಂದ ಬರೋದು, ರಕ್ತದಲ್ಲಿ ಹರಿಯೋದು. ನಿಮ್ಮ ತಾಯಿಗೂ ಇದೇ ಇದ್ದಿರಬೇಕು. ಮಕ್ಕಳಿಲ್ಲ, ಅಣ್ಣ ತಮ್ಮಂದಿರಿಲ್ಲ ಅಂತ ಬರೆಸಿದ್ದೀರಿ. ಅಷ್ಟರ ಮಟ್ಟಿಗೆ ಚಿಂತೆ ಇಲ್ಲ.”

ಗಂಗಾಬಾಯಿ ತಮ್ಮ ಪಾದಗಳನ್ನು ಕುರ್ಚಿಯ ಕೆಳಗೆ ಹಿಂದಕ್ಕೆ ಎಳೆದುಕೊಂಡರು. ಆಮೇಲೆ ಹೇಳಿದರು: “ಅದಾನ್ರಿ ಡಾಕ್ಟ್ರ. ಇವರ ತಮ್ಮ ಅದಾನ. ಬೇಗಂ ಬಜಾರದಾಗ. ಅವಗೊಬ್ಬಾಕಿ ಮಗಳೂ ಅದಾಳ.”

ಡಾಕ್ಟರು ಕಲ್ಯಾಣಪ್ಪನವರನ್ನು ದಿಟ್ಟಿಸಿದರು. ಯಾಕೆ ಸುಳ್ಳು ಹೇಳಿದಿರಿ ಎಂದು ಕೇಳಲಿಲ್ಲ, ಕೇಳಿದ್ದರೆ ಚೆನ್ನಾಗಿತ್ತು. “ಇಬ್ಬರನ್ನೂ ಬೇಗ ಕರಕೊಂಡು ಬನ್ನಿ. ಗೊತ್ತಾದರೆ ಗುಳಿಗೆಯಲ್ಲೇ ಎಷ್ಟೋ ತಡೀಬಹುದು. ಫೋನ್ ಮಾಡಿ, ಇವತ್ತೇ.”

“ನಾ ಮಾಡತೇನಿ ಫೋನು,” ಎಂದು ಗಂಗಾಬಾಯಿ ಎದ್ದರು.

“ಬ್ಯಾಡ! ಇದು ಫೋನಿನಾಗ ಹೇಳೂ ಮಾತಲ್ಲ. ನಾನ ಹೋಗತೇನಿ. ನಾನ ಬಾಯಿಬಿಟ್ಟು ಹೇಳಬೇಕು.”

“ಖರೇನ ಹೋಗ್ತೀರಿ?”

“ಖರೇನ. ಈ ಆಪರೇಷನ್ ಒಂದು ಮುಗೀಲಿ.”

ಆ ಮಾತು ಹೇಳುವಾಗ ಅವರ ಕಣ್ಣು ತುಂಬಿತ್ತು. ಎಂಟು ವರ್ಷದಲ್ಲಿ ಮೊದಲ ಸಲ ಗಂಡನ ಬಾಯಲ್ಲಿ ಆ ಮಾತು ಬಂದದ್ದಕ್ಕೆ ಗಂಗಾಬಾಯಿ ಎಷ್ಟು ಹಿಗ್ಗಿದರೆಂದರೆ, ಮುಟ್ಟಿದರೆ ಮುರಿದೀತು ಎಂದು ಸುಮ್ಮನಾದರು. ಆಮೇಲೆ ಬದುಕಿರುವಷ್ಟು ದಿನ ಅವರು ತಮ್ಮನ್ನು ತಾವೇ ಬೈದುಕೊಂಡದ್ದು ಆ ಸುಮ್ಮನಾದದ್ದಕ್ಕೆ.

ಆಸ್ಪತ್ರೆಯಲ್ಲಿ ಐದು ದಿನ ಕಳೆದವು. ಮನೆಗೆ ಬಂದ ಮೇಲೆ ಕಲ್ಯಾಣಪ್ಪನವರಿಗೆ ಅನಿಸಿತು: ಬರಿಗೈಯಲ್ಲಿ ಹೋಗಿ ಮಾತು ತಡವರಿಸುವುದಕ್ಕಿಂತ ಒಂದು ಕಾಗದ ಬರೆದೊಯ್ಯುವುದು ಮೇಲು. ಬರೆದರು. ‘ವಿಷಯ: ಹೃದಯ ತಪಾಸಣೆ ಮಾಡಿಸುವ ಕುರಿತು’ ಎಂದು ಶುರುವಾಯಿತು. ಓದಿ ಹರಿದರು. ಮತ್ತೆ ಬರೆದರು. ‘ಚಿರಂಜೀವಿ ಸಂಗಣ್ಣನಿಗೆ’ ಎಂದು ಬರೆದು, ಮುಂದಿನ ಸಾಲು ತೋಚದೆ ಅರ್ಧ ತಾಸು ಕೂತರು. ‘ಅವತ್ತು ನಾನು ಹೇಳಿದ ತೂಕ ಸರಿಯೇ ಇದ್ದರೂ’ ಎಂದು ಒಂದು ಸಾಲು ಬಂತು, ಗಂಗಾಬಾಯಿ ಹಿಂದಿನಿಂದ ಓದಿ, “ಆ ಸಾಲು ಹೊಡೀರಿ!” ಅಂದರು. ಮೂರು ದಿನ, ಏಳು ಕಾಗದ. ತಪ್ಪಾಯಿತು ಎನ್ನುವ ಒಂದು ಶಬ್ದವನ್ನು ಎಲ್ಲಿಡಬೇಕೆಂದು ಇನ್‌ಸ್ಪೆಕ್ಟರಿಗೆ ತಿಳಿಯಲಿಲ್ಲ.

ಡಾಕ್ಟರು ಹೇಳಿದ ಮೇಲೆ ಒಂಬತ್ತನೆಯ ದಿನ, ಶನಿವಾರ. ಕಾಗದ ಜೇಬಿನಲ್ಲಿಟ್ಟುಕೊಂಡು ಬೇಗಂ ಬಜಾರಿಗೆ ಹೋದರು. ಅಂಗಡಿಯ ಎದುರಿನ ರಸ್ತೆಯಂಚಿನಲ್ಲಿ, ಒಣದ್ರಾಕ್ಷಿ ಮಾರುವವನ ಪಕ್ಕ ನಿಂತರು. ಕೈಗಾಡಿಗಳ ಆಚೆ ತಮ್ಮ ಕಂಡ. ತಲೆ ಬೆಳ್ಳಗಾಗಿತ್ತು. ಹೊಟ್ಟೆ ಬಂದಿತ್ತು. ಯಾರಿಗೋ ಏನೋ ಹೇಳಿ ಜೋರಾಗಿ ನಗುತ್ತಿದ್ದ. ನಕ್ಕಾಗ ಮುಖ ಥೇಟ್ ಅವ್ವನದು. ಕಲ್ಯಾಣಪ್ಪನವರು ಒಂದು ಹೆಜ್ಜೆ ಮುಂದಿಟ್ಟರು. ಅಂಗಡಿಯ ತುಂಬ ಗಿರಾಕಿಗಳು. ಇಷ್ಟು ಮಂದಿಯ ಎದುರು ಅವನು ‘ಯಾಕ ಬಂದಿ?’ ಎಂದರೆ? ಕಾಲು ಗಂಟೆ ನಿಂತರು. ಬಂದ ದಾರಿಯಲ್ಲೇ ಮರಳಿದರು.

“ಹೇಳಿದ್ರಿ?” ಬಾಗಿಲಲ್ಲೇ ಕೇಳಿದರು ಗಂಗಾಬಾಯಿ.

“ಗದ್ದಲ ಭಾಳ ಇತ್ತು. ಸೋಮವಾರ ಮುಂಜಾನೆ ಗಿರಾಕಿ ಕಮ್ಮಿ ಇರ್ತಾರ. ಆವಾಗ ಹೋಗತೇನಿ.”

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಅವರು ಇಸ್ತ್ರಿಯ ಅಂಗಿ ತೊಟ್ಟು ಚಪ್ಪಲಿ ಹುಡುಕುತ್ತಿದ್ದಾಗ ಫೋನು ಬಂತು. ಗಂಗಾಬಾಯಿ ಎತ್ತಿದರು. ಆ ಕಡೆಯಿಂದ, ಎಂಟು ವರ್ಷದಲ್ಲಿ ದೊಡ್ಡವಳಾಗಿದ್ದ ಒಂದು ದನಿ.

“ದೊಡ್ಡವ್ವಾ… ನಾ ವರ್ಷಾ. ಅಪ್ಪ ಅಂಗಡ್ಯಾಗ ಬಿದ್ದ. ಮಾತಾಡ್ತಾ ಮಾತಾಡ್ತಾ ಬಿದ್ದ. ದವಾಖಾನಿಗೆ ಒಯ್ದ್ರು… ಏಳಲಿಲ್ಲ ದೊಡ್ಡವ್ವಾ.”

ಕಾಚಿಗೂಡದ ಮನೆಯ ಹೊಸ್ತಿಲನ್ನು ಕಲ್ಯಾಣಪ್ಪನವರು ಅವತ್ತು ದಾಟಿದರು. ತಡೆಯುವವನು ಒಳಗೆ ಗೋಡೆಗೆ ಒರಗಿಸಿ ಕೂರಿಸಿದ ಹಾಗೆ ಕೂತಿದ್ದ. ಕೊರಳಲ್ಲಿ ಹಾರ, ಹಣೆಯ ತುಂಬ ವಿಭೂತಿ. ಬಂದವರೆಲ್ಲ “ಹಾರ್ಟ್ ಅಟ್ಯಾಕು, ಯಾರ ಕೈಯಾಗೈತಿ?” ಎನ್ನುತ್ತಿದ್ದರು. ಯಾರ ಕೈಯಲ್ಲಿತ್ತು ಎಂದು ಬಲ್ಲವರು ಆ ಮನೆಯಲ್ಲಿ ಇಬ್ಬರೇ. ಒಬ್ಬರು ಗದಿಗೆಮ್ಮನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತಿದ್ದರು. ಇನ್ನೊಬ್ಬರು ಅಳಲೂ ಆಗದೆ ಮೂಲೆ ಹಿಡಿದಿದ್ದರು. ಸಂಜೆ ಮಣ್ಣು ಮಾಡುವಾಗ ಮೂರು ಹಿಡಿ ಮಣ್ಣು ಹಾಕಿ ಅಂದರು ಹಿರಿಯರು. ಕಲ್ಯಾಣಪ್ಪನವರು ಎಷ್ಟು ಹಿಡಿ ಹಾಕಿದರೋ ಎಣಿಸಲಿಲ್ಲ. ಯಾರೋ ಕೈ ಹಿಡಿದು ನಿಲ್ಲಿಸಬೇಕಾಯಿತು.

ಇನ್ನು ಉಳಿದದ್ದು ವರ್ಷಾ. ಇಪ್ಪತ್ತನಾಲ್ಕು ವರ್ಷ. ಮಾದಾಪುರದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ. ಯಾರೋ ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು. ಅವಳಿಗೆ ಹೇಳಲೇಬೇಕು. ಹೇಳಿದರೆ ಹನ್ನೊಂದು ದಿನದ ಲೆಕ್ಕವೂ ಹೊರಬೀಳುತ್ತದೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಮರುದಿನ ಮನೆಯ ತುಂಬ ನೆಂಟರು. ‘ಇವರೆಲ್ಲ ಹೋಗಲಿ, ನಾಳೆ ಹೇಳೋಣ’ ಎಂದುಕೊಂಡರು ಕಲ್ಯಾಣಪ್ಪನವರು. ‘ನಾಳೆ’ ಎನ್ನುವ ಶಬ್ದ ಮನಸ್ಸಿನಲ್ಲಿ ಬಂದದ್ದೇ ತಡ, ಕೂತಲ್ಲಿಂದ ಎದ್ದು, ನೆಂಟರ ನಡುವೆಯೇ ಹಾದು, ಗದಿಗೆಮ್ಮನ ಎದುರು ನೆಲದ ಮೇಲೆ ಕೂತರು. ಎಲ್ಲವನ್ನೂ ಹೇಳಿದರು. ಫಾರ್ಮಿನಲ್ಲಿ ತಮ್ಮನಿಲ್ಲ ಎಂದದ್ದು, ಡಾಕ್ಟರು ಇವತ್ತೇ ಫೋನ್ ಮಾಡಿ ಎಂದದ್ದು, ಏಳು ಕಾಗದ, ಒಣದ್ರಾಕ್ಷಿಯವನ ಪಕ್ಕದ ಕಾಲು ಗಂಟೆ. ಕಿವಿಯೊಳಗಲ್ಲ, ಎಲ್ಲರಿಗೂ ಕೇಳುವ ಹಾಗೆ.

ವರ್ಷಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

“ಹನ್ನೊಂದು ದಿವಸ,” ಅಂದಳು ಗದಿಗೆಮ್ಮ. ಅವಳು ಚೀರಲಿಲ್ಲ, ದನಿ ಒಣಗಿತ್ತು. “ಭಾವ, ಶನಿವಾರ ನೀವು ನಿಂತಿದ್ದು ಅವರು ನೋಡಿದ್ರು.”

ಕಲ್ಯಾಣಪ್ಪನವರು ತಲೆಯೆತ್ತಿದರು.

“ಮನಿಗೆ ಬಂದು ಕೈಕಾಲು ಸೈತ ತೊಳೀಲಿಲ್ಲ. ‘ಅಣ್ಣ ಬಂದಿದ್ದ, ಆಕಡೆ ನಿಂತಿದ್ದ’ ಅಂದ್ರು. ಕರೀಬಾರದೇನ್ರಿ ಅಂದೆ. ‘ಇಷ್ಟು ದೂರ ಬಂದಾನ, ಉಳಿದ ನಾಕು ಹೆಜ್ಜಿ ಅವನ ಬರ್ಲಿ’ ಅಂದ್ರು. ಆಯ್ತವಾರ ಅಂಗಡಿ ಬಂದ್ ಇರ್ತೈತಿ. ಆದ್ರೂ ಬಾಗಲಾ ತೆಗದು ಸಂಜೀತನಕ ಕುಂತಿದ್ರು. ಅಣ್ಣ ಬಂದ್ರ ಬಾಗಲಾ ಹಾಕಿದ್ದು ನೋಡಿ ಹೊಳ್ಳಿ ಹೋದಾನು ಅಂತ.”

ಆ ಹೊತ್ತಿನಲ್ಲಿ ಕಲ್ಯಾಣಪ್ಪನವರ ಎದೆಯೊಳಗಿನ ಹೊಸ ಯಂತ್ರ ಏನು ಬರೆದುಕೊಂಡಿತೋ ಗೊತ್ತಿಲ್ಲ. ಒದೆಯಲಂತೂ ಇಲ್ಲ. ಹೃದಯ ಸರಿಯಾಗಿಯೇ ಬಡಿಯುತ್ತಿತ್ತು. ಅದನ್ನೇ ಅವರಿಂದ ತಡೆಯಲಾಗಲಿಲ್ಲ.

“ಈಗ ಎದ್ದು ಹೋಗ್ರಿ,” ಅಂದಳು ಗದಿಗೆಮ್ಮ. “ನಿಮ್ಮ ಮಾರಿ ನೋಡಾಕ ನನಗ ಆಗವಲ್ದು. ಅಕ್ಕಾ, ನೀ ಇರು. ನಾಳಿ ಈಕಿನ್ನ ಆ ಡಾಕ್ಟರ್ ಕಡೆ ಕರಕೊಂಡು ಹೋಗು.”

ಗಂಗಾಬಾಯಿ ಕರೆದುಕೊಂಡು ಹೋದರು. ಎರಡು ದಿನ ನಾನಾ ಪರೀಕ್ಷೆ ಮಾಡಿ, ಓಡುವ ಪಟ್ಟಿಯ ಮೇಲೆ ಓಡಿಸಿ, ಡಾಕ್ಟರ್ ಪದ್ಮನಾಭ ಹೇಳಿದರು: ಇವಳಿಗೂ ಇದೆ. ಈಗಲೇ ಸಿಕ್ಕಿತು, ಅದೊಂದು ಸಮಾಧಾನ. ಅವಳ ಎದೆಯ ಚರ್ಮದ ಕೆಳಗೂ ಬಡಿತ ಬರೆದಿಡುವ ಒಂದು ಪುಟ್ಟ ಯಂತ್ರ ಕೂತಿತು. ದಿನಾ ಬೆಳಿಗ್ಗೆ ಎಂಟಕ್ಕೆ ಒಂದು ಗುಳಿಗೆ; ಅದು ತಪ್ಪುವ ಹಾಗಿಲ್ಲ.

ಅದರ ಮರುದಿನ ಬೆಳಿಗ್ಗೆ ಎಂಟಕ್ಕೆ ಐದು ನಿಮಿಷವಿರುವಾಗ ಕಾಚಿಗೂಡದ ಓಣಿಯಲ್ಲಿ, ತಮ್ಮನ ಮನೆಯ ಗೇಟಿನ ಹೊರಗೆ, ಕಲ್ಯಾಣಪ್ಪನವರು ನಿಂತಿದ್ದರು. ಕೂಕಟ್‌ಪಲ್ಲಿಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು. ಕೈಯಲ್ಲಿ ಸ್ಟೀಲಿನ ಕ್ಯಾನು. ಒಲೆ ಹಚ್ಚಲೂ ಮನಸ್ಸಿಲ್ಲದ ಮನೆಗೆ ಗಂಗಾಬಾಯಿ ಕಾಯಿಸಿ ಕೊಟ್ಟ ಅಂಬಲಿ. ಕ್ಯಾನನ್ನು ಕಟ್ಟೆಯ ಮೇಲಿಟ್ಟು, ಎಂಟು ಹೊಡೆದ ಮೇಲೆ ಕೂಗಿದರು, “ವರ್ಷಾ, ಗುಳಿಗಿ ತೊಗೊಂಡ್ಯಾ?”

“ತೊಗೊಂಡೆ,” ಎಂದಿತು ಒಳಗಿನಿಂದ ದನಿ.

ಕೇಳಿಸಿಕೊಂಡು ಹೊರಟುಹೋದರು. ಮರುದಿನ ಮತ್ತೆ ಬಂದರು. ಅದರ ಮರುದಿನವೂ. ಮಳೆಯಲ್ಲೂ, ಬಂದ್ ದಿನವೂ. ಹದಿನೈದನೆಯ ದಿನ ವರ್ಷಾ ಗೇಟಿನವರೆಗೆ ಬಂದಳು. ಕಂಪನಿಯ ಕಾರ್ಡು ಕೊರಳಲ್ಲಿತ್ತು. ಅವಳ ಮುಖದಲ್ಲಿ ಸಿಟ್ಟಿತ್ತೋ ಆಯಾಸವಿತ್ತೋ ಹೇಳುವುದು ಕಷ್ಟ.

“ದೊಡ್ಡಪ್ಪ, ಇದಕ್ಕ ಎರಡು ಬಸ್ ಹತ್ತಿ ಬರಬೇಕೇನು? ಫೋನ್ ಮಾಡಿದ್ರ ಸಾಕಲ್ಲ.”

“ಫೋನ್ ಮಾಡಾಕ ನನ್ನ ಮ್ಯಾಲ ನನಗ ಭರೋಸಾ ಇಲ್ಲವ್ವಾ,” ಅಂದರು ಕಲ್ಯಾಣಪ್ಪನವರು. “ನಾಳಿ ಮಾಡಿದ್ರಾತು ಅಂತ ಬಿಟ್ಟಬಿಡೂ ಮನಷ್ಯಾ ನಾನು.”

ಅವಳು ಕ್ಯಾನು ತೆಗೆದುಕೊಂಡು ಒಳಗೆ ಹೋದಳು. ಹೋಗುವಾಗ ಗೇಟು ತೆರೆದೇ ಬಿಟ್ಟಿದ್ದಳು. ಕಲ್ಯಾಣಪ್ಪನವರು ಅದನ್ನು ನೋಡಿದರು, ಮೆಲ್ಲಗೆ ಮುಚ್ಚಿ ಹೊರಟರು.

ಸಂಕ್ರಾಂತಿ ಕಳೆದು ನಾಲ್ಕು ದಿನವಾಗಿತ್ತು. ಮಹಡಿಯ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಯಂಕಮ್ಮ ಎನ್ನುವ ಹೆಂಗಸು ದಡದಡ ಮೆಟ್ಟಿಲಿಳಿದು ಬಂದಳು. ನಮ್ಮ ಇನ್‌ಸ್ಪೆಕ್ಟರ್ ಸಾಹೇಬರು ಎಂದಿನಂತೆ ಕ್ಯಾನು ಹಿಡಿದು ಗೇಟಿನ ಹೊರಗೆ ನಿಂತಿದ್ದರು. ಯಂಕಮ್ಮ ಅವರ ಮುಂದೆ ಒಂದು ಪಾತ್ರೆ ಹಿಡಿದು ದಬಾಯಿಸಿದಳು.

“ಅಲ್ರೀ, ದಿನಾ ಇವರೊಬ್ಬರಿಗೇ ಕೊಟ್ಟು ಓಡ್ತೀರಲ್ಲ? ನನಗೂ ಅರ್ಧ ಲೀಟರ್ ಹಾಕ್ರಿ. ನೀರು ಬೆರೆಸಿದ್ರ ನಾ ಸುಮ್ನಿರಾಕಿ ಅಲ್ಲ. ಅಳತಿ ಬರೋಬ್ಬರಿ ಇರ್ಬೇಕು!”

ಕಲ್ಯಾಣಪ್ಪನವರು ಆ ಪಾತ್ರೆ ಹಿಡಿದು ನಿಂತರು. ಮೂವತ್ತು ವರ್ಷ ಲೋಕದ ಅಳತೆಯನ್ನೆಲ್ಲ ಪ್ರಶ್ನಿಸಿದವರು, ಈಗ ಕೇಳಿದ್ದನ್ನು ಅಳೆದು ಕೊಡಲು ಕ್ಯಾನಿನಲ್ಲಿ ಹಾಲೂ ಇಲ್ಲದೆ ನಿಂತಿದ್ದರು.

ಒಳಗಿನಿಂದ ಒಂದು ಸದ್ದು ಕೇಳಿತು. ಬಾಗಿಲಲ್ಲಿ ಗದಿಗೆಮ್ಮ ನಿಂತಿದ್ದಳು, ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ನಗುತ್ತಿದ್ದಾಳೆ ಎನಿಸಿತು. ಎರಡು ತಿಂಗಳಲ್ಲಿ ಆ ಮನೆಯಲ್ಲಿ ಮೊದಲ ನಗು. ನಗುತ್ತ ನಗುತ್ತಲೇ ಅವಳ ಕಣ್ಣಿಂದ ನೀರಿಳಿಯಿತು. ಚೌಕಟ್ಟು ಹಿಡಿದುಕೊಂಡು, ಕಣ್ಣೊರೆಸಿಕೊಂಡು, ಆಮೇಲೆ ಹೇಳಿದಳು:

“ಯಂಕಮ್ಮಾ, ಅವರು ಹಾಲಿನವರಲ್ಲ. ನಮ್ಮ ಭಾವ. ಒಳಗ ಹೆಂಗ ಬರೂದು ಗೊತ್ತಿಲ್ಲ ಅವರಿಗೆ, ಅಷ್ಟ.”